ಅಮೆರಿಕದ ಕಾಲೇಜ್ ಫುಟ್‌ಬಾಲ್: ಮುಂದಿನ ಸೀಸನ್‌ನಲ್ಲಿ ಯಾವ ತಂಡಕ್ಕೆ ಎಷ್ಟು ಗೆಲುವು, ಲೆಕ್ಕ ಹಾಕುವುದು ಹೇಗೆ?

ಕೊಟ್ಟಾರ_ಕ್ರಾಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಫೀಸಿನಲ್ಲಿ ಅಮೆರಿಕದ ಕ್ಲೈಂಟ್ ಜೊತೆ ಪ್ರತಿ ಆಗಸ್ಟಿಗೆ ಒಂದು ಸ್ಪರ್ಧೆ ಉಂಟು. ದುಡ್ಡು ಕಟ್ಟಲಿಕ್ಕಿಲ್ಲ, ಸೋತವರು ಗಡ್‌ಬಡ್ ಕೊಡಿಸಬೇಕು ಅಷ್ಟೆ. ಆಟ ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. 20 ಕಾಲೇಜುಗಳ ಪಟ್ಟಿ ಕೊಡ್ತಾರೆ. ಒಂದೊಂದು ತಂಡ ರೆಗ್ಯುಲರ್ ಸೀಸನ್‌ನ 12 ಮ್ಯಾಚಿನಲ್ಲಿ ಎಷ್ಟು ಗೆಲ್ತದೆ ಅಂತ ಮೊದಲೇ ಬರೆದು ಕೊಡಬೇಕು. ಬರೆದದ್ದಕ್ಕೂ ಆದದ್ದಕ್ಕೂ ಇರುವ ಅಂತರ ಎಲ್ಲ ಕೂಡಿಸಿ, ಕಡಿಮೆ ಬಂದವರು ಗೆದ್ದ ಹಾಗೆ.

ಈಗಿನ ಕ್ರಮ: ಕಳೆದ ವರ್ಷದ ಗೆಲುವು ತೆಗೆದುಕೊಂಡು, ಒಂದು ಹೆಚ್ಚು ಅಥವಾ ಒಂದು ಕಡಿಮೆ ಬರೆಯುವುದು. ಇದು ಸಮಾ ಕೈಕೊಡ್ತದೆ. ಫ್ಲೋರಿಡಾ ಸ್ಟೇಟ್ 2023ರ ರೆಗ್ಯುಲರ್ ಸೀಸನ್‌ನಲ್ಲಿ 12ಕ್ಕೆ 12 ಗೆದ್ದಿತ್ತು. ಆ ಲೆಕ್ಕದಲ್ಲಿ 2024ಕ್ಕೆ 11 ಬರೆಯಬೇಕು. ಗೆದ್ದದ್ದು 2. ಇಂಡಿಯಾನಾ 2023ರಲ್ಲಿ 3 ಗೆದ್ದಿತ್ತು, 4 ಬರೆಯಬೇಕು. ಗೆದ್ದದ್ದು 11! ಎರಡೇ ತಂಡದಲ್ಲಿ 16ರ ತಪ್ಪು.

ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು? ಎಕ್ಸೆಲ್‌ನಲ್ಲಿ ಆಗುವಂಥದ್ದು ಹೇಳಿ. ಪ್ರೋಗ್ರಾಮಿಂಗ್ ಬೇಡ.


ಮಲ್ಪೆ_ಬಂದರ್ ಉತ್ತರ:

ಗೆಲುವು-ಸೋಲು ಬಿಟ್ಟು ಪಾಯಿಂಟ್ ಹಿಡಿಯಿರಿ. 12 ಮ್ಯಾಚ್ ಅಂದರೆ ಬಹಳ ಸಣ್ಣ ಸಂಖ್ಯೆ. ಒಂದು ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಪಡೆಯುವ ಪಾಯಿಂಟ್) ಕಂಬಕ್ಕೆ ಬಡಿದರೆ 9-3 (9 ಗೆಲುವು, 3 ಸೋಲು) ಇದ್ದದ್ದು 8-4 ಆಗ್ತದೆ. ತಂಡ ಅದೇ, ಶಕ್ತಿ ಅದೇ.

ಮೊದಲು ನೋಡುವುದು ಒಟ್ಟು ಹೊಡೆದ ಪಾಯಿಂಟ್ ಮತ್ತು ಬಿಟ್ಟುಕೊಟ್ಟ ಪಾಯಿಂಟ್. ಹೊಡೆದದ್ದರ 2.37ನೇ ಘಾತ ತೆಗೆಯಿರಿ, ಬಿಟ್ಟುಕೊಟ್ಟದ್ದರ 2.37ನೇ ಘಾತ ತೆಗೆಯಿರಿ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ 12ರಿಂದ ಗುಣಿಸಿ. ಬರುವುದು ಆ ತಂಡ ನ್ಯಾಯವಾಗಿ ಗೆಲ್ಲಬೇಕಿದ್ದ ಸಂಖ್ಯೆ. ನಿಜವಾಗಿ ಗೆದ್ದದ್ದು ಅದಕ್ಕಿಂತ ಎರಡು ಹೆಚ್ಚಿದ್ದರೆ ಮುಂದಿನ ವರ್ಷ ಇಳಿಯುವ ಸಂಭವ ಜಾಸ್ತಿ, ಎರಡು ಕಡಿಮೆ ಇದ್ದರೆ ಏರುವ ಸಂಭವ ಜಾಸ್ತಿ.

ಆಮೇಲೆ 8 ಪಾಯಿಂಟ್ ಒಳಗೆ ಮುಗಿದ ಮ್ಯಾಚುಗಳು. 8 ಎಂತಕ್ಕೆ ಅಂದರೆ ಟಚ್‌ಡೌನ್‌ಗೆ (ಚೆಂಡನ್ನು ಎದುರಿನವರ ಕೊನೆಯ ಗೆರೆ ದಾಟಿಸುವುದು) 6, ಅದರ ಮೇಲೆ ಎರಡರ ಕನ್ವರ್ಶನ್ (ಟಚ್‌ಡೌನ್ ಆದ ಮೇಲೆ ಸಿಗುವ ಹೆಚ್ಚುವರಿ ಅವಕಾಶ) ಸೇರಿಸಿದರೆ 8. ಅಂದರೆ ಒಂದೇ ಸಲ ಚೆಂಡು ಸಿಕ್ಕಿದರೆ ಸಮ ಮಾಡುವಷ್ಟು ಹತ್ತಿರ. ಇಂಥ ಮ್ಯಾಚಿನಲ್ಲಿ ಸತತ ಗೆಲ್ಲುವ ವಿದ್ಯೆ ಯಾರ ಕೈಯಲ್ಲೂ ಇಲ್ಲ, ವರ್ಷ ಕಳೆದ ಹಾಗೆ ಅರ್ಧಕ್ಕರ್ಧ ಬಂದು ನಿಲ್ತದೆ. ವಾಷಿಂಗ್ಟನ್ 2023ರಲ್ಲಿ 14 ಮ್ಯಾಚ್ ಗೆದ್ದು ಫೈನಲ್‌ನಲ್ಲಿ ಮಿಷಿಗನ್‌ಗೆ ಸೋತಿತು. ಆ 14ರಲ್ಲಿ 8 ಗೆಲುವು ಈ ಅಂತರದ ಒಳಗಿನವು. ಒರೆಗಾನ್ ವಿರುದ್ಧ ಎರಡು ಸಲವೂ 3 ಪಾಯಿಂಟ್, ಒರೆಗಾನ್ ಸ್ಟೇಟ್ ವಿರುದ್ಧ 2. ಅಂಥ ಒಂದು ಮ್ಯಾಚನ್ನೂ ಅದು ಸೋಲಲಿಲ್ಲ. ಮರುವರ್ಷ ರೆಗ್ಯುಲರ್ ಸೀಸನ್‌ನಲ್ಲಿ ಗೆದ್ದದ್ದು 6.

ಇನ್ನು ಟರ್ನೋವರ್, ಅಂದರೆ ಚೆಂಡು ಎದುರಿನವರ ಪಾಲಾಗುವುದು. ಇಲ್ಲಿ ಅದೃಷ್ಟವನ್ನು ಸೋಸಿ ತೆಗೆಯಬಹುದು. ಫಂಬಲ್, ಅಂದರೆ ಕೈಜಾರಿ ನೆಲಕ್ಕೆ ಬಿದ್ದ ಚೆಂಡು, ಯಾರಿಗೆ ಸಿಗ್ತದೆ ಅನ್ನುವುದು ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ, ಆ ಮೊಟ್ಟೆಯಾಕಾರದ ಚೆಂಡು ಎತ್ತ ಪುಟಿಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಡಿಫೆನ್ಸ್‌ನವರ ಕೈ ತಾಗಿದ ಪಾಸ್‌ಗಳಲ್ಲಿ ಸುಮಾರು ಐದರಲ್ಲಿ ಒಂದು ಇಂಟರ್‌ಸೆಪ್ಷನ್ (ಎದುರಿನವರೇ ಚೆಂಡು ಹಿಡಿಯುವುದು) ಆಗ್ತದೆ, ಉಳಿದವು ಬರೇ ಬಿದ್ದುಹೋಗ್ತವೆ. ಹಾಗಾಗಿ ಲೆಕ್ಕ ಹೀಗೆ ಮಾಡಿ. ಒಂದು ತಂಡದ ಮ್ಯಾಚುಗಳಲ್ಲಿ ಎರಡೂ ಕಡೆಯದ್ದು ಸೇರಿ 30 ಫಂಬಲ್ ಬಿದ್ದವು, 20 ಇವರಿಗೆ ಸಿಕ್ಕಿದವು ಅಂತ ಇಟ್ಟುಕೊಳ್ಳಿ. ಸಿಗಬೇಕಿದ್ದದ್ದು 15, ಹೆಚ್ಚುವರಿ 5. ಇಂಟರ್‌ಸೆಪ್ಷನ್ 18, ತಟ್ಟಿ ಬೀಳಿಸಿದ ಪಾಸ್ 42. ಒಟ್ಟು 60ರ ಐದನೇ ಒಂದು 12, ಹೆಚ್ಚುವರಿ 6. ಎರಡೂ ಸೇರಿ 11 ಟರ್ನೋವರ್ ಪುಕ್ಕಟೆ. ಒಂದಕ್ಕೆ 4-5 ಪಾಯಿಂಟ್ ಬೆಲೆ ಕಟ್ಟಿದರೆ ಸೀಸನ್‌ಗೆ 50ರ ಹತ್ತಿರ, ಮ್ಯಾಚಿಗೆ ಸುಮಾರು 4. ತಂಡದ ಮ್ಯಾಚಿನ ಸರಾಸರಿ ಪಾಯಿಂಟ್ ಅಂತರದಿಂದ ಅದನ್ನು ಕಳೆದು ಬಂದದ್ದೇ ತಂಡದ ನಿಜವಾದ ಮಟ್ಟ.

ಬೌಲ್ ಮ್ಯಾಚುಗಳನ್ನು (ರೆಗ್ಯುಲರ್ ಸೀಸನ್ ಮುಗಿದ ಮೇಲೆ ಆಡುವ ವಿಶೇಷ ಮ್ಯಾಚು) ಈ ಲೆಕ್ಕಕ್ಕೆ ಸೇರಿಸಬೇಡಿ. ಫ್ಲೋರಿಡಾ ಸ್ಟೇಟ್ 2023ರ ಸೀಸನ್‌ನ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾಗೆ 63-3ರಲ್ಲಿ ಸೋತದ್ದು ತಂಡದ ತುಂಬಾ ಜನ ಆಡದೆ ಕೂತದ್ದರಿಂದ. ಆ 60 ಪಾಯಿಂಟ್ ನಿಮ್ಮ ಸರಾಸರಿಯನ್ನು ಕೆಡಿಸಿಬಿಡ್ತದೆ.


ಪುತ್ತೂರು_ಹಿಂಗಾರ ಉತ್ತರ:

ಮಲ್ಪೆಯವರು ಹೇಳಿದ್ದು ಹೋದ ವರ್ಷದ ತಂಡ ಎಷ್ಟು ಗಟ್ಟಿ ಇತ್ತು ಅನ್ನುವುದು. ಮುಂದಿನ ವರ್ಷ ಅದೇ ತಂಡ ಇರ್ತದಾ ಅನ್ನುವುದು ಬೇರೆ ಪ್ರಶ್ನೆ, ಈಗಿನ ಕಾಲದಲ್ಲಿ ಅದೇ ದೊಡ್ಡದು.

ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥ ಆಗ್ತದೆ. ಪತ್ತನಾಜೆಗೆ (ಮೇಳಗಳ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದ ಮೇಲೆ ಯಾರು ಯಾವ ಮೇಳಕ್ಕೆ ಅಂತ ಮಾತು ಶುರು ಆಗ್ತದಲ್ಲ? ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕೆಂದಿರುವ ಆಟಗಾರರ ಪಟ್ಟಿ) ಅಂದರೆ ಅದೇ. 2018ರಲ್ಲಿ ಪೋರ್ಟಲ್ ಬಂತು. ಆಗ ಕಾಲೇಜು ಬದಲಿಸಿದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲ ಕೂರದೆ ಬದಲಿಸಬಹುದು ಅಂತ ಆಯಿತು. ಅಲ್ಲಿಂದ ಮೇಳದ ಹೆಸರು ಮಾತ್ರ ಹಳತು, ವೇಷದವರು ಹೊಸಬರು.

ಆಟ ನಡೆಸುವ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಅಂದರೆ ಭಾಗವತರು. ಅವರು ಬದಲಾದರೆ ಇಡೀ ಆಟದ ಗತಿಯೇ ಬೇರೆ. ಅವನನ್ನು ಕಾಯುವ ಆಫೆನ್ಸಿವ್ ಲೈನ್‌ನ ಐದು ಜನ ಚೆಂಡೆ-ಮದ್ದಳೆಯವರ ಹಾಗೆ, ಒಬ್ಬೊಬ್ಬರನ್ನು ಯಾರೂ ಹೆಸರು ಹಿಡಿದು ಹೊಗಳುವುದಿಲ್ಲ, ತಾಳ ತಪ್ಪಿದಾಗ ಮಾತ್ರ ಎಲ್ಲರಿಗೂ ಗೊತ್ತಾಗ್ತದೆ.

ಶೀಟಿನಲ್ಲಿ ಮಾಡುವುದು: ಕಳೆದ ವರ್ಷದ ಒಟ್ಟು ಪಾಸಿಂಗ್ ಯಾರ್ಡ್‌ನಲ್ಲಿ (ಚೆಂಡು ಎಸೆದು ಗಳಿಸಿದ ದೂರ) ಈ ಸಲವೂ ಇರುವವರದ್ದು ನೂರಕ್ಕೆ ಎಷ್ಟು, ರಿಸೀವಿಂಗ್ ಯಾರ್ಡ್‌ನಲ್ಲಿ (ಎಸೆದದ್ದನ್ನು ಹಿಡಿದು ಗಳಿಸಿದ ದೂರ) ಎಷ್ಟು, ಓಟದಲ್ಲಿ ಎಷ್ಟು, ಲೈನ್‌ನವರು ಸ್ಟಾರ್ಟ್ ಮಾಡಿದ ಮ್ಯಾಚುಗಳಲ್ಲಿ ಎಷ್ಟು. ಡಿಫೆನ್ಸ್‌ಗೆ ಟ್ಯಾಕಲ್ ಮತ್ತು ತಡೆದ ಪಾಸ್. ಓಡುವವರಿಗೆ ಕಡಿಮೆ ತೂಕ ಕೊಡಿ, ಅವರ ಜಾಗ ತುಂಬುವುದು ಸುಲಭ. ಕ್ವಾರ್ಟರ್‌ಬ್ಯಾಕ್, ರಿಸೀವರ್, ಹಿಂದಿನ ಸಾಲಿನ ಡಿಫೆನ್ಸ್, ಇವಕ್ಕೆ ಹೆಚ್ಚು. ಇಎಸ್‌ಪಿಎನ್‌ನ ಬಿಲ್ ಕಾನೆಲಿ ಮಾಡುವ ಎಸ್‌ಪಿ ಪ್ಲಸ್ ರೇಟಿಂಗ್‌ನ (ತಂಡದ ಬಲಕ್ಕೆ ಕೊಡುವ ಅಂಕ) ಸೀಸನ್ ಪೂರ್ವ ಅಂದಾಜು ಕೂಡ ಮೂರು ಕಾಲಿನ ಮೇಲೆ ನಿಂತದ್ದು: ಉಳಿದ ಆಟಗಾರರ ಪಾಲು, ಇತ್ತೀಚಿನ ರಿಕ್ರೂಟಿಂಗ್ (ಹೊಸ ಆಟಗಾರರನ್ನು ಸೇರಿಸಿಕೊಳ್ಳುವುದು), ಹಿಂದಿನ ಕೆಲವು ವರ್ಷಗಳ ಆಟ. ಮೂರನೆಯದನ್ನು ಜನ ಮರೆತುಬಿಡ್ತಾರೆ. ಹತ್ತು ವರ್ಷದಿಂದ ಸಾಧಾರಣ ಇದ್ದ ತಂಡ ಒಂದೇ ವರ್ಷ ಮಿಂಚಿದರೆ, ಮಿಂಚಿದ್ದರ ಸ್ವಲ್ಪ ಭಾಗವನ್ನು ಕಡಿದೇ ಮುಂದಿನ ವರ್ಷಕ್ಕೆ ಒಯ್ಯಬೇಕು. ಮೂರನೇ ಒಂದು ಪಾಲು ಕಡಿಯುವುದು ನನ್ನ ಕ್ರಮ. ಉಳಿದ ಆಟಗಾರರ ಪಾಲಿಗೆ ಮ್ಯಾಚಿನ ಸರಾಸರಿ ಅಂತರದಲ್ಲಿ ಹೆಚ್ಚೆಂದರೆ ಅತ್ತ 5, ಇತ್ತ 5 ಪಾಯಿಂಟ್, ಅದಕ್ಕಿಂತ ಮೇಲೆ ಬಿಡುವುದಿಲ್ಲ.

ಪೋರ್ಟಲ್‌ನಿಂದ ಬಂದವರನ್ನು ಕೂಡಿಸುವಾಗ ಕೈ ಬಿಗಿ ಇರಲಿ. ಫ್ಲೋರಿಡಾ ಸ್ಟೇಟ್‌ನ 10 ಜನ 2024ರ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ (ವೃತ್ತಿಪರ ಲೀಗ್‌ನ ಆಟಗಾರರ ಆಯ್ಕೆ) ಹೋದರು. ಬದಲಿಗೆ ಒರೆಗಾನ್ ಸ್ಟೇಟ್‌ನಿಂದ ಹೆಸರುವಾಸಿ ಕ್ವಾರ್ಟರ್‌ಬ್ಯಾಕ್‌ನನ್ನು ತಂದರು. ಪತ್ರಕರ್ತರೆಲ್ಲ ಸೇರಿ ಸೀಸನ್‌ಗೆ ಮುಂಚೆ 10ನೇ ಸ್ಥಾನ ಕೊಟ್ಟರು. ಆಮೇಲೆ ಆದದ್ದನ್ನು ನೀವೇ ಬರೆದಿದ್ದೀರಿ. ಇಂಡಿಯಾನಾದಲ್ಲಿ ತದ್ವಿರುದ್ಧ. ಹೊಸ ಕೋಚ್ ಕರ್ಟ್ ಸಿಗ್ನೆಟಿ ತಮ್ಮ ಹಳೆಯ ಜೇಮ್ಸ್ ಮ್ಯಾಡಿಸನ್ ತಂಡದಿಂದಲೇ ಹತ್ತಕ್ಕಿಂತ ಹೆಚ್ಚು ಜನರನ್ನು ಕರೆತಂದರು. ಒಂದೇ ಕೋಚ್, ಒಂದೇ ಪದ್ಧತಿ, ಒಟ್ಟಿಗೆ ಆಡಿ ಪಳಗಿದವರು. ಬಿಡಿ ಬಿಡಿಯಾಗಿ ಹತ್ತು ಕಡೆಯಿಂದ ಬಂದ ಹತ್ತು ಜನಕ್ಕೂ ಒಂದೇ ಕಡೆಯಿಂದ ಬಂದ ಹತ್ತು ಜನಕ್ಕೂ ಒಂದೇ ತೂಕ ಹಾಕಬೇಡಿ.


ಕುಂದಾಪ್ರದ_ಮಾಣಿ ಉತ್ತರ:

ಮಲ್ಪೆಯವರ ಘಾತದ ಲೆಕ್ಕ ಓದಲಿಕ್ಕೆ ಚಂದ, ಆದರೆ ಕುರುಡಾಗಿ ಹಾಕಿದರೆ ಹೊಂಡಕ್ಕೆ ಬೀಳ್ತೀರಿ. ನೆಬ್ರಾಸ್ಕಾ 2021 ತೆಗೆದು ಕಾಣಿ. ಹೊಡೆದದ್ದು 335, ಬಿಟ್ಟುಕೊಟ್ಟದ್ದು 272. ಸೂತ್ರಕ್ಕೆ ಹಾಕಿದರೆ 12ರಲ್ಲಿ ಏಳೂವರೆ ಗೆಲುವು ಬರ್ತದೆ. ಗೆದ್ದದ್ದು 3! ಒಂಬತ್ತು ಸೋಲಿನಲ್ಲಿ ಎಲ್ಲವೂ 9 ಪಾಯಿಂಟ್ ಒಳಗೆ, ಎಂಟು ಸೋಲು 8ರ ಒಳಗೆ. ಸೂತ್ರ ನಂಬಿದವರೆಲ್ಲ "ಮುಂದಿನ ವರ್ಷ ಇವರು ಏರ್ತಾರೆ" ಅಂತ ಬರೆದರು. 2022ರಲ್ಲಿ ಗೆದ್ದದ್ದು 4.

ಎಡವಿದ್ದು ಎಲ್ಲಿ? ಮ್ಯಾಚುಗಳನ್ನು ಒಂದೊಂದಾಗಿ ಬಿಚ್ಚಿ. ಮೂರು ಗೆಲುವು: ಫೋರ್ಡಮ್ ವಿರುದ್ಧ 52-7, ಬಫಲೋ ವಿರುದ್ಧ 28-3, ನಾರ್ತ್‌ವೆಸ್ಟರ್ನ್ ವಿರುದ್ಧ 56-7. ಈ ಮೂರರಲ್ಲೇ 119 ಪಾಯಿಂಟ್ ಲಾಭ. ಉಳಿದ ಒಂಬತ್ತರಲ್ಲಿ 56 ನಷ್ಟ. ಫೋರ್ಡಮ್ ಅಂತೂ ಕೆಳಗಿನ ಡಿವಿಜನ್‌ನ ತಂಡ. ಅದೊಂದನ್ನು ತೆಗೆದು ಸೂತ್ರ ಹಾಕಿ, 11 ಮ್ಯಾಚಿಗೆ 6ರ ಹತ್ತಿರ ಬರ್ತದೆ. ಏಳೂವರೆ ಅಂದದ್ದು ಅಲ್ಲೇ ಇಳಿಯಿತಲ್ಲ? ಹಾಗಾಗಿ ಎರಡು ನಿಯಮ. ಕೆಳ ಡಿವಿಜನ್ ತಂಡದ ಮೇಲಿನ ಮ್ಯಾಚ್ ಲೆಕ್ಕಕ್ಕೇ ಬೇಡ. ಬೇರೆ ಯಾವ ಮ್ಯಾಚಾದರೂ 28ಕ್ಕಿಂತ ಹೆಚ್ಚಿನ ಅಂತರವನ್ನು 28 ಅಂತಲೇ ಬರೆಯಿರಿ. ಎದುರಿನವರು ಕೈಚೆಲ್ಲಿದ ಮೇಲೆ ಹೊಡೆದ ಟಚ್‌ಡೌನ್ ಯಾವ ಶಕ್ತಿಯನ್ನೂ ತೋರಿಸುವುದಿಲ್ಲ.

ಆದರೂ 6 ಅಂದರೆ 4 ಅಲ್ಲ. ಉಳಿದ ಎರಡು ಎಲ್ಲಿ ಹೋಯಿತು? ನಾಲ್ಕು ವರ್ಷ ಆಡಿಸಿದ ಕ್ವಾರ್ಟರ್‌ಬ್ಯಾಕ್ ಏಡ್ರಿಯನ್ ಮಾರ್ಟಿನೆಜ್ ಕನ್ಸಾಸ್ ಸ್ಟೇಟ್‌ಗೆ ಹೋದ. ಕೋಚ್ ಸ್ಕಾಟ್ ಫ್ರಾಸ್ಟ್‌ನ ಕುರ್ಚಿ ಮೊದಲೇ ಅಲ್ಲಾಡುತ್ತಿತ್ತು, ಮೂರೇ ಮ್ಯಾಚಿಗೆ ತೆಗೆದುಹಾಕಿದರು. ಮೂರನೆಯದು ಜಾರ್ಜಿಯಾ ಸದರ್ನ್‌ಗೆ 45-42ರಲ್ಲಿ ಸೋತದ್ದು. ಕುರ್ಚಿ ಅಲ್ಲಾಡುವ ಕೋಚ್ ಇದ್ದರೆ ಅಂದಾಜಿನಿಂದ ಅರ್ಧ ಗೆಲುವು ಕಡಿಯುವುದು ತಪ್ಪಲ್ಲ. ಅಂಥವರು ನಡುವಿನಲ್ಲಿ ಹೋದರೆ ಆಟಗಾರರ ಮನಸ್ಸೂ ಹೋಗ್ತದೆ, ರಿಕ್ರೂಟ್‌ಗಳೂ ಹೋಗ್ತಾರೆ.

ಒಂದು ತಮಾಷೆ: ನೆಬ್ರಾಸ್ಕಾ 2022ರ, ಫ್ಲೋರಿಡಾ ಸ್ಟೇಟ್ 2024ರ ಮೊದಲ ಮ್ಯಾಚ್ ಐರ್ಲೆಂಡಿನ ಡಬ್ಲಿನ್‌ನಲ್ಲೇ ಆಡಿದ್ದು. ಎರಡೂ ತಂಡ 3 ಪಾಯಿಂಟಿಗೆ ಸೋತವು. ಶೀಟಿಗೆ ಡಬ್ಲಿನ್ ಅಂತ ಒಂದು ಕಾಲಮ್ ಮಾತ್ರ ಹಾಕಬೇಡಿ ಮಾರಾಯ್ರೆ.


ಮಲ್ಪೆ_ಬಂದರ್:

ಒಪ್ಪಿದೆ, 28ರ ಮಿತಿ ಹೇಳಲಿಕ್ಕೆ ಬಿಟ್ಟುಹೋಗಿತ್ತು. ಆದರೆ ನೆಬ್ರಾಸ್ಕಾ ಒಂದನ್ನು ಹಿಡಿದು ನಿಯಮವನ್ನೇ ಬಿಡುವುದು ಬೇಡ. ವಾಷಿಂಗ್ಟನ್ ಇಳಿದದ್ದಕ್ಕೆ ಹತ್ತಿರದ ಮ್ಯಾಚ್ ಮಾತ್ರ ಅಲ್ಲ, ಕೋಚ್ ಅಲಬಾಮಾಗೆ ಹೋದ, ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್ ಎನ್‌ಎಫ್‌ಎಲ್‌ಗೆ ಹೋದ, ಮೇಲಿಂದ ಹೊಸ ಕಾನ್ಫರೆನ್ಸ್ (ಹೆಚ್ಚಾಗಿ ತಮ್ಮೊಳಗೇ ಆಡುವ ತಂಡಗಳ ಗುಂಪು). ಎಲ್ಲ ಸೂಚನೆ ಒಂದೇ ಕಡೆ ತೋರಿಸುವಾಗ ಧೈರ್ಯವಾಗಿ ಮೂರು-ನಾಲ್ಕು ಗೆಲುವು ಕಡಿಯಿರಿ. ಸೂಚನೆಗಳು ಒಂದಕ್ಕೊಂದು ವಿರುದ್ಧ ಇದ್ದರೆ ಒಂದಕ್ಕೇ ನಿಲ್ಲಿಸಿ.


ಕೊಟ್ಟಾರ_ಕ್ರಾಸ್:

ಭಾರೀ ಉಪಕಾರ. ರೇಟಿಂಗ್ ತನಕ ಬಂತು. ಈಗ ಒಂದು ತಂಡದ 12 ಮ್ಯಾಚ್ ಒಂದೊಂದಾಗಿ ನೋಡಿದರೆ ಎಲ್ಲದರಲ್ಲೂ ನಮ್ಮ ತಂಡವೇ ಸ್ವಲ್ಪ ಮೇಲೆ ಉಂಟು. ಹಾಗಾದರೆ 12 ಬರೆಯುವುದಾ? ಏನೋ ಸರಿ ಕಾಣುವುದಿಲ್ಲ.


ಮಣಿಪಾಲ_ಎಂಡ್‌ಪಾಯಿಂಟ್ ಉತ್ತರ:

ಸರಿ ಕಾಣದಿರುವುದೇ ಸರಿ. ಹೊಸಬರೆಲ್ಲ ಇಲ್ಲಿಯೇ ಜಾರುವುದು. ಮ್ಯಾಚಿಗೆ ಗೆಲುವು ಅಥವಾ ಸೋಲು ಅಂತ ಬರೆಯಬಾರದು, ಸಂಭವ ಬರೆಯಬೇಕು, ಆಮೇಲೆ ಕೂಡಿಸಬೇಕು. 12 ಮ್ಯಾಚಿನಲ್ಲೂ ನಿಮ್ಮ ತಂಡಕ್ಕೆ ನೂರಕ್ಕೆ 65 ಸಂಭವ ಅಂತ ಇಟ್ಟುಕೊಳ್ಳಿ. ಕೂಡಿಸಿದರೆ 7.8 ಗೆಲುವು. ಹನ್ನೆರಡೂ ಗೆಲ್ಲುವ ಸಂಭವ ನೂರಕ್ಕೆ ಒಂದು ಕೂಡ ಇಲ್ಲ, 0.6 ಅಷ್ಟೆ.

ರೇಟಿಂಗ್‌ನಿಂದ ಸಂಭವಕ್ಕೆ ಬರುವ ದಾರಿ: ರೇಟಿಂಗ್ ಅಂದರೆ ಸರಾಸರಿ ತಂಡಕ್ಕಿಂತ ಎಷ್ಟು ಪಾಯಿಂಟ್ ಮೇಲೆ ಅಂತ. ನಿಮ್ಮದು 10, ಎದುರಿನವರದ್ದು 3. ವ್ಯತ್ಯಾಸ 7. ಮನೆ ಮೈದಾನ ಆದರೆ ಎರಡೂವರೆ ಸೇರಿಸಿ, ಹೊರಗೆ ಆದರೆ ಕಳೆಯಿರಿ. ಬಂದದ್ದನ್ನು 16ರಿಂದ ಭಾಗಿಸಿ ಎಕ್ಸೆಲ್‌ನ ನಾರ್ಮ್ ಎಸ್ ಡಿಸ್ಟ್ (NORM.S.DIST) ಫಂಕ್ಷನ್‌ಗೆ ಹಾಕಿ. 16 ಅಂದರೆ ಅಂದಾಜು ಮಾಡಿದ ಅಂತರಕ್ಕೂ ಮೈದಾನದಲ್ಲಿ ಆದ ಅಂತರಕ್ಕೂ ಸಾಮಾನ್ಯವಾಗಿ ಇರುವ ಹರಡು. ಮನೆಯಲ್ಲಿ ಆಡಿದರೆ 9.5, ಸಂಭವ ನೂರಕ್ಕೆ 72. ಅದೇ ಎದುರಾಳಿಯ ಊರಲ್ಲಿ ಆಡಿದರೆ 4.5, ಸಂಭವ 61. ತಟಸ್ಥ ಮೈದಾನ ಆದರೆ 67. ಮೇಲೆ ಮಲ್ಪೆಯವರು ಮ್ಯಾಚಿಗೆ 4 ಪಾಯಿಂಟ್ ಪುಕ್ಕಟೆ ಟರ್ನೋವರ್ ಅಂದರಲ್ಲ, ಸಮಬಲದ ಮ್ಯಾಚಿನಲ್ಲಿ ಅದು 50ನ್ನು 60 ಮಾಡ್ತದೆ. 12 ಮ್ಯಾಚಿಗೆ ಒಂದು ಗೆಲುವಿಗಿಂತ ಸ್ವಲ್ಪ ಜಾಸ್ತಿ.

ಎದುರಾಳಿಗಳ ರೇಟಿಂಗ್ ಕೂಡ ಈ ವರ್ಷದ್ದೇ ಹಾಕಬೇಕು. ಇದು ತುಂಬಾ ಜನ ತಪ್ಪುವ ಜಾಗ. 2024ರಲ್ಲಿ ಬಿಗ್ ಟೆನ್ ಕಾನ್ಫರೆನ್ಸ್‌ನಲ್ಲಿ 18 ತಂಡ ಆಯಿತು, ಕಾನ್ಫರೆನ್ಸ್ ಒಳಗೆ ಒಬ್ಬೊಬ್ಬರು ಆಡುವುದು 9 ಮ್ಯಾಚ್ ಮಾತ್ರ. ಅಂದರೆ ಒಂದೇ ಕಾನ್ಫರೆನ್ಸ್‌ನಲ್ಲಿದ್ದರೂ ಒಬ್ಬರ ದಾರಿ ಡಾಂಬರು, ಇನ್ನೊಬ್ಬರದ್ದು ಜಲ್ಲಿ. ಇಂಡಿಯಾನಾದ ವೇಳಾಪಟ್ಟಿಯಲ್ಲಿ ಒರೆಗಾನ್ ಇರಲಿಲ್ಲ, ಪೆನ್ ಸ್ಟೇಟ್ ಇರಲಿಲ್ಲ. ಮಿಷಿಗನ್, ವಾಷಿಂಗ್ಟನ್ ಇದ್ದವು. ಹೋದ ಸೀಸನ್‌ನ ಫೈನಲ್ ಆಡಿದ ಎರಡು ತಂಡ! ಹಳೆಯ ರೇಟಿಂಗ್ ಹಾಕಿದರೆ ಎರಡೂ ಸೋಲು ಅಂತ ಬರ್ತದೆ. ಎರಡೂ ತಂಡ ಕೋಚ್ ಮತ್ತು ಕ್ವಾರ್ಟರ್‌ಬ್ಯಾಕ್ ಕಳೆದುಕೊಂಡು ಸೊರಗಿದ್ದವು, ಇಂಡಿಯಾನಾ 20-15, 31-17ರಲ್ಲಿ ಗೆದ್ದಿತು. ಸೋತದ್ದು ಒಹಾಯೊ ಸ್ಟೇಟ್‌ಗೆ, 38-15. ಆ ವರ್ಷದ ಚಾಂಪಿಯನ್ ಅದೇ. ಹಾಗಂತ ಇಂಡಿಯಾನಾಕ್ಕೆ ಆಗಸ್ಟಿನಲ್ಲೇ 11 ಹೇಳಬಹುದಿತ್ತಾ? ಇಲ್ಲ. ಒಳ್ಳೆಯ ಶೀಟ್ 6 ಅಥವಾ 7 ಅಂತ ತೋರಿಸ್ತಿತ್ತು. ನಿಮ್ಮ 4ಕ್ಕಿಂತ ಅದೇ ಎಷ್ಟೋ ಮೇಲೆ.

ಲೆಕ್ಕ ಎಷ್ಟು ಚೊಕ್ಕ ಇದ್ದರೂ ಒಂದೂವರೆ ಗೆಲುವಿನಷ್ಟು ಅತ್ತಿತ್ತ ಆಗಿಯೇ ಆಗ್ತದೆ. 65ರ ಉದಾಹರಣೆಯಲ್ಲಿ 12 ಗುಣಿಸು 0.65 ಗುಣಿಸು 0.35, ಅದರ ವರ್ಗಮೂಲ 1.65. ಸಂಭವಗಳು ಪೂರ್ತಿ ಸರಿ ಇದ್ದಾಗಲೂ ಇಷ್ಟು. 20 ತಂಡಕ್ಕೆ ಒಟ್ಟು ತಪ್ಪು 30ರ ಒಳಗೆ ಬಂದರೆ ಗಡ್‌ಬಡ್ ನಿಮಗೇ ಸಿಗುವ ಹಾಗೆ ಕಾಣ್ತದೆ.

ಇನ್ನೊಂದು ಪರೀಕ್ಷೆ. ಬೆಟ್ಟಿಂಗ್‌ನವರು ಪ್ರತಿ ತಂಡಕ್ಕೂ ಗೆಲುವಿನ ಗೆರೆ (ಎಷ್ಟು ಗೆಲ್ಲಬಹುದು ಅನ್ನುವ ಅಂದಾಜು) ಹಾಕ್ತಾರೆ, ಅದು ಪತ್ರಿಕೆಗಳಲ್ಲಿ ಬರ್ತದೆ. ನಕಲು ಮಾಡಬೇಡಿ, ಪಕ್ಕದ ಕಾಲಮ್‌ನಲ್ಲಿ ಬರೆದುಕೊಳ್ಳಿ ಸಾಕು. ನಿಮ್ಮ ಸಂಖ್ಯೆ ಅದರಿಂದ ಎರಡಕ್ಕಿಂತ ಹೆಚ್ಚು ದೂರ ಇದ್ದರೆ ನೂರಕ್ಕೆ ತೊಂಬತ್ತು ಪಾಲು ನಿಮ್ಮ ಶೀಟಿನಲ್ಲೇ ಎಡವಟ್ಟು. ಗಾಯಾಳು ಕ್ವಾರ್ಟರ್‌ಬ್ಯಾಕ್‌ನನ್ನು ಲೆಕ್ಕಕ್ಕೆ ಹಿಡಿದಿರ್ತೀರಿ, ಅಥವಾ ಮನೆ-ಹೊರಗೆ ಅದಲುಬದಲು ಆಗಿರ್ತದೆ.


ಉರ್ವ_ಸ್ಟೋರ್:

ನಡುವೆ ಬಾಯಿ ಹಾಕ್ತೇನೆ. ಇದೇ ಶೀಟ್ ನಮ್ಮ ನೆಹರೂ ಮೈದಾನದ ಇಂಟರ್ ಕಾಲೇಜ್ ಫುಟ್‌ಬಾಲಿಗೆ ನಡೆಯುತ್ತದಾ?


ಮಣಿಪಾಲ_ಎಂಡ್‌ಪಾಯಿಂಟ್:

ಹಾಗೇ ನಡೆಯುವುದಿಲ್ಲ. ನಮ್ಮದು ಕಾಲ್ಚೆಂಡು, ಗೋಲು ಒಂದೋ ಎರಡೋ. 16ರ ಬದಲು ಪಾಯ್ಸಾನ್ (ಸರಾಸರಿಯಿಂದ 0, 1, 2 ಗೋಲಿನ ಸಂಭವ ಹೇಳುವ ಸೂತ್ರ) ಹಾಕಬೇಕು. ಒಂದು ತಂಡಕ್ಕೆ ಸರಾಸರಿ 1.5 ಗೋಲು, ಎದುರಿಗೆ 1 ಗೋಲು ಅಂತ ಇಟ್ಟರೆ ಗೆಲುವು ನೂರಕ್ಕೆ 49, ಡ್ರಾ 26, ಸೋಲು 25. ಬಲದ ತಂಡ ಕೂಡ ಅರ್ಧ ಸಲ ಗೆಲ್ಲುವುದಿಲ್ಲ ಅಂತ ಆಯ್ತು. ನಾಕೌಟ್ ಆದರೆ ಒಂದು ಕೆಟ್ಟ ದಿನಕ್ಕೆ ಟೂರ್ನಿಯೇ ಮುಗೀತದೆ. ಮಳೆಗಾಲದಲ್ಲಿ ಕೆಸರಾದ ಮೈದಾನದಲ್ಲಿ ಪಾಸ್ ಆಡುವ ತಂಡದ ಗೋಲು ಸರಾಸರಿ ಇಳೀತದೆ, ಅದನ್ನೂ ಹಿಡಿಯಬೇಕು. ಒಂದು ಮಾತ್ರ ಅಲ್ಲಿಗೂ ಇಲ್ಲಿಗೂ ಒಂದೇ: ಮೂರು ವರ್ಷದ ಡಿಗ್ರಿ ಅಂದರೆ ಪ್ರತಿ ವರ್ಷ ಫೈನಲ್ ಇಯರ್‌ನವರು ಹೋಗ್ತಾರೆ. ಹನ್ನೊಂದರಲ್ಲಿ ಎಷ್ಟು ಜನ ಫೈನಲ್ ಇಯರ್, ಗೋಲ್‌ಕೀಪರ್ ಮತ್ತು ನಡು ಡಿಫೆನ್ಸ್‌ನವರು ಉಳೀತಾರಾ, ಅಷ್ಟು ಗೊತ್ತಿದ್ದರೆ ಅರ್ಧ ಲೆಕ್ಕ ಆಯ್ತು.


ಕೊಟ್ಟಾರ_ಕ್ರಾಸ್:

ಕೊನೆಗೆ ಒಂದು. 7.8 ಬಂದರೆ 8 ಬರೆಯುವುದು ಸರಿ. 6.5 ಬಂದರೆ?


ಪುತ್ತೂರು_ಹಿಂಗಾರ:

ಅಂತರ ಕೂಡಿಸುವ ಸ್ಪರ್ಧೆ ಆದ್ದರಿಂದ ಸರಾಸರಿಗಿಂತ ನಡುವಿನ ಸಂಖ್ಯೆ ಮುಖ್ಯ, ಅಂದರೆ ಅದಕ್ಕಿಂತ ಮೇಲೆ ಹೋಗುವ ಸಂಭವವೂ ಕೆಳಗೆ ಹೋಗುವ ಸಂಭವವೂ ಸಮ ಇರುವ ಜಾಗ. 6.5ರಲ್ಲಿ ಕ್ವಾರ್ಟರ್‌ಬ್ಯಾಕ್ ಹಳಬ, ಕೋಚ್ ಗಟ್ಟಿ ಅಂತಾದರೆ 7. ಬದಲಿ ಕ್ವಾರ್ಟರ್‌ಬ್ಯಾಕ್ ಒಂದು ಮ್ಯಾಚೂ ಸ್ಟಾರ್ಟ್ ಮಾಡದವನಾದರೆ 6. ಗಾಯ ಆದರೆ ಕೆಳಗೆ ಬೀಳುವ ಆಳ ಜಾಸ್ತಿ, ಮೇಲೆ ಏರುವ ಎತ್ತರ ಅಷ್ಟಿಲ್ಲ.

ಶೀಟನ್ನು ಕೊಡುವ ಹಿಂದಿನ ದಿನ ಪ್ರತಿ ತಂಡದ ಕ್ವಾರ್ಟರ್‌ಬ್ಯಾಕ್ ಯಾರು ಅಂತ ಇನ್ನೊಂದು ಸಲ ನೋಡಿ. ಜೂನಿನಲ್ಲಿ ಬರೆದ ಹೆಸರು ಆಗಸ್ಟಿಗೆ ಇರ್ತದೆ ಅಂತ ಇಲ್ಲ. ಮತ್ತೆ ಅಮೆರಿಕದ ಪೂರ್ವ ಭಾಗದ ಗಡಿಯಾರದಲ್ಲಿ ಶನಿವಾರ ಮಧ್ಯಾಹ್ನ 12ರ ಮ್ಯಾಚ್ ನಮಗೆ ರಾತ್ರಿ 9:30ಕ್ಕೆ, ನವೆಂಬರಿನಲ್ಲಿ ಗಡಿಯಾರ ಹಿಂದೆ ತಿರುಗಿಸಿದ ಮೇಲೆ 10:30ಕ್ಕೆ. ಮೊದಲ ವಾರದ್ದು ನೋಡಿ ಮಲಗಿದರೆ ನಿಮ್ಮ ಲೆಕ್ಕ ಎಲ್ಲಿ ಎಡವಿತು ಅಂತ ಅಂದೇ ಗೊತ್ತಾಗ್ತದೆ.